ಗಾಳಿಯ ಮರೆಯಲ್ಲಿ ಸೈಕಲ್ ಪಂದ್ಯ

ಸೈಕಲ್ ಪಂದ್ಯವೆಂದರೆ ಕಾಲುಗಳ ಬಲವನ್ನು ಒರೆಗೆ ಹಚ್ಚುವ ಪಂದ್ಯವೆಂದೇ ನಮ್ಮಲ್ಲಿ ಹಲವರ ಭಾವನೆ. ಯಾರ ತೊಡೆ ಗಟ್ಟಿಯೋ, ಯಾರ ಸೈಕಲ್ಲು ಹಗುರವೋ ಅವರು ಗೆಲ್ಲುತ್ತಾರೆ, ಉಳಿದವರು ಸೋಲುತ್ತಾರೆ. ಭೌತಶಾಸ್ತ್ರವನ್ನು ಪಾಠ ಹೇಳುವ ನಾವೂ ಬಹುಕಾಲ ಹೀಗೆಯೇ ತಿಳಿದಿದ್ದೆವು. ಈ ತಿಳಿವಳಿಕೆ ಎಷ್ಟು ಅಪೂರ್ಣವಾದುದೆಂಬುದು ನಮಗೆ ಮನವರಿಕೆಯಾದದ್ದು ತರಗತಿಯಲ್ಲಲ್ಲ, ಐರಣಿಯ ರಸ್ತೆಯಲ್ಲಿ. ಅದೂ ಸೋತ ಮೇಲೆ.

ಐರಣಿಯು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳಿ. ಅಲ್ಲಿನ ಹೊಳೆಮಠ ಸುತ್ತಲಿನ ಜನರಿಗೆಲ್ಲ ಪರಿಚಿತವಾದುದು. ರಾಣೆಬೆನ್ನೂರಿನಿಂದ ಅಲ್ಲಿಗೆ ಹೋಗುವ ದಾರಿ ಅಲ್ಲಲ್ಲಿ ಬಳುಕಿದರೂ ಅದರ ಒಟ್ಟು ದಿಕ್ಕು ಆಗ್ನೇಯ. ಮುಂಗಾರಿನ ತಿಂಗಳುಗಳಲ್ಲಿ ಈ ಸೀಮೆಯ ಬಯಲಿನ ಮೇಲೆ ಬೀಸುವ ಗಾಳಿ ನೈಋತ್ಯದ್ದು. ಈ ಎರಡು ದಿಕ್ಕುಗಳನ್ನು ಓದುಗರು ನೆನಪಿನಲ್ಲಿಡಬೇಕು; ಮುಂದಿನ ಕಥೆಯೆಲ್ಲ ಅವುಗಳ ನಡುವಿನ ಕೋನದಲ್ಲಿ ಅಡಗಿದೆ.

ಪಂದ್ಯ ನಡೆದ ಬಗೆ

ಅದು ಹವ್ಯಾಸಿಗಳ ಸಣ್ಣ ಪಂದ್ಯ. ರಾಣೆಬೆನ್ನೂರಿನ ಹೊರವಲಯದಿಂದ ಹೊರಟು ಐರಣಿಯನ್ನು ಮುಟ್ಟಿ ಅದೇ ದಾರಿಯಲ್ಲಿ ಹಿಂದಿರುಗಬೇಕು. ಸ್ಪರ್ಧಿಗಳು ಇಪ್ಪತ್ತು ಮಂದಿಯಿದ್ದರೇನೋ. ಕಾಲೇಜಿನ ವಿದ್ಯಾರ್ಥಿಗಳು, ಒಬ್ಬಿಬ್ಬರು ಉಪಾಧ್ಯಾಯರು, ಅಂಗಡಿ ಕೆಲಸದ ಕೆಲವರು. ಆಷಾಢದ ಬೆಳಗು. ಎರಡೂ ಕಡೆ ಮೊಳಕಾಲೆತ್ತರದ ಗೋವಿನಜೋಳ. ಗಾಳಿಗೆ ಅಡ್ಡ ನಿಲ್ಲುವಂತಹುದು ಯಾವುದೂ ಇಲ್ಲ. ನಮ್ಮದು 9 ಕಿಲೋಗ್ರಾಮು ತೂಕದ, ಗೇರುಗಳುಳ್ಳ ಹಗುರವಾದ ಸೈಕಲ್ಲು. ಪಿ.ಯು. ತರಗತಿಯ ಹುಡುಗನೊಬ್ಬನು ಮನೆಯಲ್ಲಿದ್ದ ಹಳೆಯ ಕರಿಯ ಸೈಕಲ್ಲಿನ ಕ್ಯಾರಿಯರನ್ನೂ ಸ್ಟ್ಯಾಂಡನ್ನೂ ಬಿಚ್ಚಿಟ್ಟು ಬಂದಿದ್ದನು. ಬಿಚ್ಚಿದ ಮೇಲೂ ಅದು 20 ಕಿಲೋಗ್ರಾಮಿಗೆ ಕಡಮೆಯಿರಲಿಲ್ಲ. ಆತನನ್ನು ಕಂಡು ನಮಗೆ ಒಂದಿಷ್ಟು ಕನಿಕರವೇ ಉಂಟಾಯಿತು.

ಹೊರಟ ಸ್ವಲ್ಪ ಹೊತ್ತಿನಲ್ಲೇ ನಾವು ಗುಂಪಿನ ಮುಂದಾದೆವು. ಐರಣಿಯಲ್ಲಿ ತಿರುಗುವಾಗಲೂ ನಾವೇ ಮುಂದು. ಆದರೆ ಹುಡುಗ ಮಾತ್ರ ನಮ್ಮನ್ನು ಬಿಡಲಿಲ್ಲ. ಹೋಗುವಾಗ ನಮ್ಮ ಎಡ ಭುಜದ ಹಿಂದೆ ಅಂಟಿಕೊಂಡಿದ್ದವನು ಬರುವಾಗ ಬಲ ಭುಜದ ಹಿಂದೆ ಬಂದಿದ್ದನು. ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಆತ ಸರಪಣಿಯನ್ನು ಕಿರುಗುಟ್ಟಿಸುತ್ತ ನಮ್ಮನ್ನು ದಾಟಿ ಹೋದನು. ನಮ್ಮ ಕಾಲುಗಳಲ್ಲಿ ಉತ್ತರ ಕೊಡುವ ಕಸುವು ಉಳಿದಿರಲಿಲ್ಲ.

ಪಂದ್ಯ ಮುಗಿದ ಮೇಲೆ, "ಅಷ್ಟು ಭಾರದ ಸೈಕಲ್ಲಿನಲ್ಲಿ ಹೇಗಪ್ಪಾ ಬಂದೆ?" ಎಂದು ಕೇಳಿದೆವು. ಹುಡುಗ ಸಂಕೋಚದಿಂದಲೇ ಹೇಳಿದನು: "ಗಾಳಿ ಬಲಕ್ಕಿತ್ರೀ ಸರ, ನಾ ನಿಮ್ಮ ಎಡಕ್ಕಿದ್ದೆ. ಬರೋವಾಗ ಗಾಳಿ ಎಡಕ್ಕಾತು, ನಾ ಬಲಕ್ಕ ಬಂದೆ. ದಿನಾ ನಾಕು ಮಂದಿ ಕೂಡಿ ಕಾಲೇಜಿಗೆ ಬರ್ತೀವ್ರೀ. ಗಾಳಿ ಇದ್ದ ದಿನ ಸರದಿ ಮ್ಯಾಲೆ ಒಬ್ಬೊಬ್ಬರು ಮುಂದ ಆಗ್ತೀವ್ರಿ."

ಕಪ್ಪು ಹಲಗೆಯ ಮೇಲೆ ವಾಯುರೋಧದ ಸೂತ್ರವನ್ನು ಎಷ್ಟೋ ಸಲ ಬರೆದಿದ್ದವರು ನಾವು. ಅದನ್ನು ರಸ್ತೆಯ ಮೇಲೆ ಬಳಸಿದವನು ಆತ! ಆ ರಾತ್ರಿ ಕಾಗದ ಪೆನ್ಸಿಲು ಹಿಡಿದು ಕುಳಿತು ನಮ್ಮ ಸೋಲಿನ ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಕೊಡುತ್ತಿದ್ದೇವೆ.

ಗಾಳಿಯೆಂಬ ಎದುರಾಳಿ

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಿಂದ ಸಾಗುವ ಸವಾರನನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಮೊದಲನೆಯದು ಟೈರು ರಸ್ತೆಯ ಮೇಲೆ ಉರುಳುವಾಗ ಉಂಟಾಗುವ ಉರುಳು ಘರ್ಷಣೆ. ಇದು ಒಟ್ಟು ತೂಕವನ್ನು ಅವಲಂಬಿಸಿದೆ; ವೇಗ ಹೆಚ್ಚಿದರೂ ಹೆಚ್ಚುಕಡಮೆ ಅಷ್ಟೇ ಇರುತ್ತದೆ. ಎರಡನೆಯದು ವಾಯುರೋಧ. ಇದರ ಸ್ವಭಾವವೇ ಬೇರೆ. ವೇಗವು ಇಮ್ಮಡಿಯಾದರೆ ವಾಯುರೋಧವು ನಾಲ್ಕುಮಡಿಯಾಗುತ್ತದೆ. ಅಂದರೆ ಅದು ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ವೇಗ ಇಮ್ಮಡಿಯಾದಾಗ ಸವಾರನು ಒಂದು ಸೆಕೆಂಡಿನಲ್ಲಿ ಎರಡರಷ್ಟು ಗಾಳಿಯನ್ನು ಪಕ್ಕಕ್ಕೆ ತಳ್ಳಬೇಕು. ಅಷ್ಟೇ ಅಲ್ಲದೆ ಪ್ರತಿಯೊಂದು ಪಾಲು ಗಾಳಿಯನ್ನೂ ಎರಡರಷ್ಟು ರಭಸದಿಂದ ತಳ್ಳಬೇಕು.

ಇನ್ನು ಬೇಕಾಗುವ ಸಾಮರ್ಥ್ಯ, ಅಂದರೆ ಸೆಕೆಂಡಿಗೆ ವ್ಯಯವಾಗುವ ಶಕ್ತಿ. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಆದುದರಿಂದ ಗಾಳಿಯನ್ನು ಎದುರಿಸಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಒಂದು ಘನ ಮೀಟರು ಗಾಳಿಯ ತೂಕ ಸುಮಾರು 1.1 ಕಿಲೋಗ್ರಾಮು. ಚೆನ್ನಾಗಿ ಮುಂದಕ್ಕೆ ಬಾಗಿದ ಸವಾರನು ಗಾಳಿಗೆ ಒಡ್ಡುವ 'ಫಲಕಾರಿ ವಿಸ್ತೀರ್ಣ' ಸುಮಾರು 0.4 ಚದರ ಮೀಟರು ಎಂದಿಟ್ಟುಕೊಳ್ಳೋಣ. ಗಾಳಿ ಬೀಸದಿರುವ ದಿನ ಆತನಿಗೆ ಬೇಕಾಗುವುದು ಇಷ್ಟು: ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಸುಮಾರು 38 ವ್ಯಾಟು, 30 ಕಿಲೋಮೀಟರಿನಲ್ಲಿ 127 ವ್ಯಾಟು, 40 ಕಿಲೋಮೀಟರಿನಲ್ಲಿ 302 ವ್ಯಾಟು. ವೇಗ ಎರಡರಷ್ಟಾದರೆ ತೆರಬೇಕಾದ ಬೆಲೆ ಎಂಟರಷ್ಟು!

ಬಾಗದೆ ನೆಟ್ಟಗೆ ಕುಳಿತರೆ ಈ ವಿಸ್ತೀರ್ಣ 0.6 ಚದರ ಮೀಟರಿನವರೆಗೂ ಏರಬಹುದು. ಆಗ 30 ಕಿಲೋಮೀಟರು ವೇಗಕ್ಕೆ 127 ವ್ಯಾಟಿಗೆ ಬದಲಾಗಿ 191 ವ್ಯಾಟು ಬೇಕು. ಬೆನ್ನು ಬಾಗಿಸುವುದರಿಂದಲೇ 64 ವ್ಯಾಟು ಉಳಿತಾಯ. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಸೈಕಲ್ ಪಂದ್ಯದ ಇತಿಹಾಸದಲ್ಲಿ ಗಾಳಿ ಮೊದಲಿನಿಂದಲೂ ಮುಖ್ಯ ಎದುರಾಳಿಯಾಗಿರಲಿಲ್ಲ. ಊರಿಂದೂರಿಗೆ ನಡೆದ ಮೊದಲ ದೊಡ್ಡ ಪಂದ್ಯ 1869ರ ನವೆಂಬರ್ 7ರಂದು ಪ್ಯಾರಿಸ್ಸಿನಿಂದ ರುಆನ್ ನಗರಕ್ಕೆ ನಡೆಯಿತು. ದೂರ 123 ಕಿಲೋಮೀಟರು. ಗೆದ್ದ ಜೇಮ್ಸ್ ಮೂರ್ ಸುಮಾರು 10 ಗಂಟೆ 40 ನಿಮಿಷ ತೆಗೆದುಕೊಂಡನು. ಎಂದರೆ ಗಂಟೆಗೆ 12 ಕಿಲೋಮೀಟರಿಗೂ ಕಡಮೆ. ಆ ವೇಗದಲ್ಲಿ ಗಾಳಿಯ ತಡೆ ಅಲ್ಪ. ಒರಟು ರಸ್ತೆಯೇ ಶತ್ರು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಮೇಲೆ ರಸ್ತೆಯ ತಡೆ ತಗ್ಗಿತು, ವೇಗ ಹೆಚ್ಚಿತು. ಟೈರಿನೊಳಗೆ ಸೇರಿ ಮಿತ್ರನಾದ ಗಾಳಿ ಹೊರಗೆ ನಿಂತು ಶತ್ರುವಾಯಿತು.

ಬೆನ್ನ ಹಿಂದಿನ ಮರೆ

ಹೊಳೆಯ ನೀರಿನಲ್ಲಿ ನಿಂತ ಬಂಡೆಯ ಹಿಂದೆ ನೀರು ಹೇಗೆ ಸುಳಿಗೊಂಡು ಮಂದವಾಗುವುದೋ ಹಾಗೆಯೇ ಸಾಗುವ ಸವಾರನ ಬೆನ್ನ ಹಿಂದೆ ಸುಳಿಗಾಳಿಯ ಒಂದು ವಲಯ ಏರ್ಪಡುತ್ತದೆ. ಅಲ್ಲಿಯ ಗಾಳಿ ಆತನೊಡನೆಯೇ ಒಂದಿಷ್ಟು ಮುಂದಕ್ಕೆ ಚಲಿಸುತ್ತಿರುತ್ತದೆ. ಈ ಮರೆಯಲ್ಲಿ ಬರುವ ಎರಡನೆಯ ಸವಾರನಿಗೆ ಎದುರುಗಾಳಿಯ ಹೊಡೆತ ಕಡಮೆ. 1979ರಲ್ಲಿ ಚೆಸ್ಟರ್ ಕೈಲ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಅಳೆದು, ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹಿಂದಿನವನಿಗೆ ಸುಮಾರು ಮೂರನೆಯ ಒಂದು ಪಾಲು ಸಾಮರ್ಥ್ಯ ಉಳಿಯುತ್ತದೆಂದು ತೋರಿಸಿದನು. ಹಿಂದಿನವನಿಂದ ಮುಂದಿನವನಿಗೂ ಕಿಂಚಿತ್ತು ಉಪಕಾರವುಂಟು. ಮುಂದಿನವನ ಬೆನ್ನಿಗೆ ತಾಗಿದ ಕಡಮೆ ಒತ್ತಡದ ವಲಯವನ್ನು ಹಿಂದಿನವನು ಸ್ವಲ್ಪ ತುಂಬಿಕೊಡುವುದರಿಂದ ಆತನ ವಾಯುರೋಧವೂ ಶೇಕಡ 2–3ರಷ್ಟು ತಗ್ಗುತ್ತದೆ.

ದೊಡ್ಡ ಗುಂಪಿನಲ್ಲಿ ಈ ಲಾಭ ನಂಬಲಾರದಷ್ಟು ಹೆಚ್ಚು. 2018ರಲ್ಲಿ ನೆದರ್‌ಲೆಂಡಿನ ಐಂಡ್‌ಹೋವನ್‌ನಲ್ಲಿ ಬರ್ಟ್ ಬ್ಲಾಕನ್ ಮತ್ತು ಅವರ ಸಂಗಡಿಗರು 121 ಸವಾರರ ಗುಂಪೊಂದನ್ನು ಕಂಪ್ಯೂಟರಿನ ಲೆಕ್ಕಾಚಾರದಿಂದಲೂ ವಾತಸುರಂಗದಲ್ಲಿಟ್ಟ ಕಿರುಮಾದರಿಗಳಿಂದಲೂ ಅಭ್ಯಸಿಸಿದರು. ಗುಂಪಿನ ನಡುವಿನಲ್ಲಿ ಹಿಂಬದಿಗಿರುವ ಸವಾರನ ಮೇಲಿನ ವಾಯುರೋಧ ಒಂಟಿ ಸವಾರನದರ ಶೇಕಡ 5ರಿಂದ 10ರಷ್ಟು ಮಾತ್ರ ಎಂದು ಕಂಡುಬಂದಿತು.

ಮರೆಯ ಮಹಿಮೆಯನ್ನು ಎಲ್ಲಕ್ಕಿಂತ ನಾಟಕೀಯವಾಗಿ ತೋರಿಸಿದವನು ಅಮೆರಿಕದ ಚಾರ್ಲ್ಸ್ ಮರ್ಫಿ. 1899ರ ಜೂನ್ 30ರಂದು ಈತ ರೈಲು ಹಳಿಗಳ ನಡುವೆ ಹಲಗೆ ಹಾಸಿಸಿ, ಓಡುವ ರೈಲಿನ ಬೆನ್ನ ಹಿಂದೆ ಸೈಕಲ್ ತುಳಿದು, ಒಂದು ಮೈಲಿಯನ್ನು 57.8 ಸೆಕೆಂಡುಗಳಲ್ಲಿ ಕ್ರಮಿಸಿದನು. ಅದು ಗಂಟೆಗೆ 100 ಕಿಲೋಮೀಟರು! ಇದನ್ನು ಓದಿ ನಮ್ಮ ವಿದ್ಯಾರ್ಥಿಗಳು ಲಾರಿ, ಟ್ರ್ಯಾಕ್ಟರುಗಳ ಹಿಂದೆ ಸೈಕಲ್ ಓಡಿಸಲು ಹೊರಡಬಾರದು. ಮುಂದಿನ ವಾಹನ ಥಟ್ಟನೆ ನಿಂತರೆ ಭೌತಶಾಸ್ತ್ರದ ಬೇರೆ ನಿಯಮಗಳು ಜಾರಿಗೆ ಬರುತ್ತವೆ.

ಪಕ್ಕದ ಗಾಳಿಯ ಮೋಸ

ಈಗ ಐರಣಿಯ ದಾರಿಗೆ ಹಿಂದಿರುಗೋಣ. ಎದುರುಗಾಳಿ ಕಾಡುತ್ತದೆ, ಹಿಂಗಾಳಿ ನೂಕುತ್ತದೆ. ನೇರ ಪಕ್ಕದಿಂದ ಬೀಸುವ ಗಾಳಿ ಹೆಚ್ಚೆಂದರೆ ಸೈಕಲ್ಲನ್ನು ಒಂದಿಷ್ಟು ಓಲಾಡಿಸೀತು, ವೇಗಕ್ಕೇನೂ ಅಡ್ಡಿಯಿಲ್ಲ ಎಂದು ನಾವು ಎಣಿಸಿದ್ದೆವು. ಇದು ದೊಡ್ಡ ತಪ್ಪು.

ಸವಾರನು ಗಂಟೆಗೆ 30 ಕಿಲೋಮೀಟರು ವೇಗದಿಂದ ಸಾಗುತ್ತಿರಲಿ. ಗಾಳಿ ಬಲ ಪಕ್ಕದಿಂದ 20 ಕಿಲೋಮೀಟರು ವೇಗದಲ್ಲಿ ಬೀಸುತ್ತಿರಲಿ. ಅವನ ಮೈಗೆ ತಾಗುವುದು ಈ ಎರಡರ ಸಂಯುಕ್ತ ವೇಗ. ಸದಿಶಗಳ ಸಂಕಲನದಂತೆ ಲೆಕ್ಕ ಹಾಕಿದರೆ ಅದು ಗಂಟೆಗೆ 36 ಕಿಲೋಮೀಟರು. ದಿಕ್ಕು, ನೇರ ಮುಂದಿನಿಂದ ಸುಮಾರು 34 ಡಿಗ್ರಿ ಬಲಕ್ಕೆ. ಈ ಗಾಳಿಯ ಒತ್ತಡ 36ರ ವರ್ಗಕ್ಕೆ ತಕ್ಕಂತಿರುತ್ತದೆ. ಅದರಲ್ಲಿ ಹಿಂದಕ್ಕೆ ತಳ್ಳುವ ಪಾಲನ್ನು ಮಾತ್ರ ತೆಗೆದುಕೊಂಡರೂ ಗಾಳಿಯಿಲ್ಲದ ದಿನಕ್ಕಿಂತ ತಡೆಯು 36ಕ್ಕೆ 30ರ ಅನುಪಾತದಲ್ಲಿ, ಅಂದರೆ ಐದನೆಯ ಒಂದು ಪಾಲು ಹೆಚ್ಚಾಗಿರುತ್ತದೆ. 127 ವ್ಯಾಟು 153 ಆಗುತ್ತದೆ. ವಿಚಿತ್ರವೆಂದರೆ ಹಿಂದಿರುಗುವಾಗಲೂ ಇದೇ ಲೆಕ್ಕ! ಆಗ ಗಾಳಿ ಎಡಕ್ಕೆ ಬರುತ್ತದೆಯೇ ಹೊರತು ಸಹಾಯಕ್ಕೆ ಬರುವುದಿಲ್ಲ. ಹೋಗುವಾಗ ಕಾಡಿದ ಗಾಳಿ ಬರುವಾಗ ನೂಕೀತೆಂದು ಕಾದವನು ಎರಡು ಸಲವೂ ತೆರಿಗೆ ತೆರುತ್ತಾನೆ.

ಇದಕ್ಕಿಂತ ಮುಖ್ಯವಾದದ್ದು ಮತ್ತೊಂದಿದೆ. ಗಾಳಿ ಓರೆಯಾಗಿ ಬಂದರೆ ಮರೆಯೂ ಓರೆಯಾಗಿ ಬೀಳುತ್ತದೆ. ಬೆಳಗಿನ ಬಿಸಿಲಿನಲ್ಲಿ ನಮ್ಮ ನೆರಳು ಪಶ್ಚಿಮಕ್ಕೆ ಚಾಚುವಂತೆ, ಬಲಗಡೆಯ ಗಾಳಿಗೆ ನಮ್ಮ ಮರೆ ಎಡ ಹಿಂಬದಿಗೆ ಚಾಚುತ್ತದೆ. ಆಗ ನೇರ ಬೆನ್ನ ಹಿಂದೆ ಇರುವವನಿಗೆ ಪೂರ್ಣ ಮರೆಯಿಲ್ಲ. ನುರಿತ ಸವಾರರು ಇಂತಹ ಗಾಳಿಯಲ್ಲಿ ರಸ್ತೆಗೆ ಅಡ್ಡಲಾಗಿ ಓರೆ ಸಾಲು ಕಟ್ಟಿಕೊಂಡು ಸಾಗುತ್ತಾರೆ. ನಮ್ಮ ಹುಡುಗ ನಿಂತದ್ದು ಸರಿಯಾಗಿ ಆ ಜಾಗದಲ್ಲಿ.

ಇದನ್ನು ತಪ್ಪಿಸುವ ಉಪಾಯವೂ ಇತ್ತು. ಹೋಗುವಾಗ ನಾವು ರಸ್ತೆಯ ಎಡ ಅಂಚಿಗೇ ಒತ್ತಿ ಸಾಗಿದ್ದರೆ ನಮ್ಮ ಮರೆ ಗೋವಿನಜೋಳದ ಹೊಲದ ಮೇಲೆ ಬೀಳುತ್ತಿತ್ತು. ಹುಡುಗನಿಗೆ ನಿಲ್ಲಲು ಡಾಂಬರೇ ಇರುತ್ತಿರಲಿಲ್ಲ. ನಾವು ನಡುರಸ್ತೆಯಲ್ಲಿ ಸಾಗಿ ಆತನಿಗೆ ಹಾಸಿಗೆ ಹಾಸಿಕೊಟ್ಟೆವು.

ಭಾರದ ಸೈಕಲ್ಲಿನ ಲೆಕ್ಕ

ಇರಲಿ, 11 ಕಿಲೋಗ್ರಾಮು ಹೆಚ್ಚು ತೂಗುವ ಸೈಕಲ್ಲಿನಿಂದ ಆತನಿಗೆ ನಷ್ಟವಾಗಲಿಲ್ಲವೆ? ಆಯಿತು, ಆದರೆ ನಾವು ನೆನೆದಷ್ಟಲ್ಲ. ನಾವೂ ನಮ್ಮ ಸೈಕಲ್ಲೂ ಕೂಡಿ 74 ಕಿಲೋಗ್ರಾಮು. ಹುಡುಗನೂ ಅವನ ಸೈಕಲ್ಲೂ ಕೂಡಿ 75 ಎಂದಿಟ್ಟುಕೊಳ್ಳೋಣ. ಆತನ ದಪ್ಪ ಟೈರುಗಳ ಉರುಳು ಘರ್ಷಣೆ ಹೆಚ್ಚೆಂದು ಹಿಡಿದರೂ 30 ಕಿಲೋಮೀಟರು ವೇಗದಲ್ಲಿ ಅದಕ್ಕಾಗಿ ಆತನು ವ್ಯಯಿಸಿದ್ದು ಸುಮಾರು 49 ವ್ಯಾಟು, ನಾವು 36. ಆತನಿಗೆ ನಷ್ಟ 13 ವ್ಯಾಟು. ಇನ್ನು ಗಾಳಿಯ ಬಾಬತ್ತು. ನಾವು 153 ವ್ಯಾಟು ತೆತ್ತೆವು. ಹ್ಯಾಂಡಲಿನ ಮೇಲೆ ಬಾಗಿ ನಮ್ಮ ಮರೆಯಲ್ಲಿ ಬಂದ ಆತನಿಗೆ ಮೂರನೆಯ ಒಂದು ಪಾಲು ಉಳಿದು 102 ಸಾಕಾಯಿತು. ಒಟ್ಟು ಕೂಡಿಸಿದರೆ ನಮ್ಮದು ಸುಮಾರು 190, ಆತನದು ಸುಮಾರು 150.

ಈ 40 ವ್ಯಾಟಿನ ಅಂತರ ಒಂದು ಗಂಟೆ ನಡೆದರೆ 1,44,000 ಜೂಲು ಆಗುತ್ತದೆ. ಹುಡುಗನನ್ನು ಅವನ ಸೈಕಲ್ಲಿನ ಸಮೇತ ಸುಮಾರು 195 ಮೀಟರು ಎತ್ತರಕ್ಕೆ ಏರಿಸಲು ಇಷ್ಟು ಶಕ್ತಿ ಸಾಕು. ವಿಜಯಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರು. ಹುಡುಗನು ಸಮತಟ್ಟಾದ ದಾರಿಯಲ್ಲಿ ಸಾಗುತ್ತಿದ್ದಾಗ ನಾವು ಅದೇ ದಾರಿಯಲ್ಲಿ ಹೆಚ್ಚುಕಡಮೆ ನಾಲ್ಕು ಗೋಳಗುಮ್ಮಟಗಳನ್ನು ಹತ್ತಿದಂತಾಯಿತು!

ಹಗುರವಾದ ಸೈಕಲ್ಲು ನಿಷ್ಪ್ರಯೋಜಕವೆಂದು ಹೇಳಿದಂತಾಗಬಾರದು. ಏರುದಾರಿಯಲ್ಲಿ ಪ್ರತಿಯೊಂದು ಕಿಲೋಗ್ರಾಮನ್ನೂ ಮೇಲಕ್ಕೆ ಎತ್ತಬೇಕು. ನೂರು ಮೀಟರಿಗೆ 5 ಮೀಟರು ಏರುವ ದಾರಿಯಲ್ಲಿ ಗಂಟೆಗೆ 15 ಕಿಲೋಮೀಟರು ವೇಗದಿಂದ ಹತ್ತುವಾಗ 11 ಕಿಲೋಗ್ರಾಮು ಹೆಚ್ಚಿನ ಭಾರಕ್ಕೆ ಸುಮಾರು 22 ವ್ಯಾಟು ಬೇಕು. ಅಲ್ಲಿ ವೇಗ ಕಡಮೆಯಾದುದರಿಂದ ಮರೆಯ ಲಾಭವೂ ಕಡಮೆ. ಪಶ್ಚಿಮ ಘಟ್ಟದ ದಾರಿಯಾಗಿದ್ದರೆ ನಾವು ಗೆಲ್ಲುತ್ತಿದ್ದೆವೋ ಏನೋ. ಗೇರಿಲ್ಲದ ಸೈಕಲ್ಲಿಗೆ ಇನ್ನೊಂದು ಕೊರತೆಯುಂಟು. ಮುಂದಿನ ಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇರುವ ಸಾಮಾನ್ಯ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು 5.9 ಮೀಟರು ಸಾಗುತ್ತದೆ. 30 ಕಿಲೋಮೀಟರು ವೇಗಕ್ಕೆ ನಿಮಿಷಕ್ಕೆ 85 ಸುತ್ತು ಸಾಕು. ಕೊನೆಯ ಓಟಕ್ಕೆ 40 ಬೇಕೆಂದರೆ 113 ಸುತ್ತು ತುಳಿಯಬೇಕು. ದಣಿಯದ ಕಾಲಿಗೆ ಮಾತ್ರ ಅದು ಸಾಧ್ಯ. ಹುಡುಗನ ಕಾಲುಗಳು ದಣಿದಿರಲಿಲ್ಲ.

ಸರದಿಯ ನ್ಯಾಯ

ಹಾಗಾದರೆ ಹಿಂದೆ ಬಂದು ಕೊನೆಗೆ ದಾಟಿ ಹೋಗುವುದು ಅನ್ಯಾಯವಲ್ಲವೆ? ರಸ್ತೆ ಪಂದ್ಯದ ನಿಯಮಗಳಲ್ಲಿ ಇದಕ್ಕೆ ನಿಷೇಧವಿಲ್ಲ. ಇದನ್ನು ಒಪ್ಪದವರಿಗೆಂದೇ ಇನ್ನೊಂದು ಬಗೆಯ ಪಂದ್ಯವಿದೆ. ಅದರಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಟು ಗಡಿಯಾರದೊಡನೆ ಸ್ಪರ್ಧಿಸುತ್ತಾರೆ, ಇನ್ನೊಬ್ಬರ ಮರೆಯಲ್ಲಿ ಸಾಗುವಂತಿಲ್ಲ. ರಸ್ತೆ ಪಂದ್ಯದಲ್ಲಾದರೋ ಎದುರಾಳಿಗಳೇ ಪರಸ್ಪರ ಸಹಾಯಕರು. ಸರದಿಯಂತೆ ಮುಂದಾಗುತ್ತ ಸಾಗಿದರೆ ಎಲ್ಲರೂ ಒಂಟಿಯಾಗಿ ಹೋಗುವುದಕ್ಕಿಂತ ಬೇಗ ಗುರಿ ಮುಟ್ಟುತ್ತಾರೆ. ಯಾರೂ ಮುಂದಾಗಲು ಒಪ್ಪದಿದ್ದರೆ ಗುಂಪೇ ನಿಧಾನವಾಗುತ್ತದೆ.

ಇದಕ್ಕೆ 2021ರ ಜುಲೈ 25ರಂದು ನಡೆದ ಟೋಕಿಯೋ ಒಲಿಂಪಿಕ್ಸಿನ ಮಹಿಳೆಯರ ರಸ್ತೆ ಪಂದ್ಯವೇ ನಿದರ್ಶನ. 137 ಕಿಲೋಮೀಟರಿನ ಆ ಪಂದ್ಯದಲ್ಲಿ ಗೆದ್ದವರು ಆಸ್ಟ್ರಿಯದ ಆನಾ ಕೀಸನ್‌ಹೋಫರ್. ಗಣಿತದಲ್ಲಿ ಡಾಕ್ಟರೇಟ್ ಪಡೆದ ಸಂಶೋಧಕಿ. ಯಾವ ವೃತ್ತಿಪರ ತಂಡಕ್ಕೂ ಸೇರದ ಹವ್ಯಾಸಿ. ಹೊರಡುವಾಗಲೇ ಕೆಲವರೊಡನೆ ಮುಂದೆ ಹೋದ ಆಕೆ, ಜೊತೆಯವರು ಹಿಂದುಳಿದ ಮೇಲೆ ಕೊನೆಯ 40 ಕಿಲೋಮೀಟರಿನಷ್ಟು ದೂರವನ್ನು ಒಂಟಿಯಾಗಿ ಕ್ರಮಿಸಿದರು. ಗಾಳಿಯ ಲೆಕ್ಕದಂತೆ ಆಕೆ ಸಿಕ್ಕಿಬೀಳಲೇಬೇಕಿತ್ತು. ಆದರೆ ಹಿಂದಿನ ಗುಂಪಿನ ಪ್ರಬಲರು ಒಗ್ಗೂಡಿ ಬೆನ್ನಟ್ಟಲಿಲ್ಲ. ಕಿವಿಯಲ್ಲಿ ರೇಡಿಯೋ ಇಲ್ಲದ ಆ ಪಂದ್ಯದಲ್ಲಿ ಮುಂದೆ ಇನ್ನೊಬ್ಬರು ಇರುವರೆಂಬುದೇ ಅವರಲ್ಲಿ ಹಲವರಿಗೆ ತಿಳಿಯಲಿಲ್ಲ. 1 ನಿಮಿಷ 15 ಸೆಕೆಂಡು ತಡವಾಗಿ ಬಂದ ನೆದರ್‌ಲೆಂಡಿನ ಆನೆಮೀಕ್ ಫಾನ್ ಫ್ಲೂಟನ್ ತಾವೇ ಗೆದ್ದೆವೆಂದು ಕೈಯೆತ್ತಿ ಸಂಭ್ರಮಿಸಿದರು! ಹಂಚಿಕೊಳ್ಳದ ಗುಂಪಿಗೆ ಗುಂಪಿನ ಬಲವಿಲ್ಲ.

ನಮ್ಮ ನಾಡಿನಲ್ಲಿ ವಿಜಯಪುರ, ಬಾಗಲಕೋಟೆಯ ಸೀಮೆ ಸೈಕಲ್ ಸ್ಪರ್ಧಿಗಳ ತವರೆಂದೇ ಹೆಸರಾಗಿದೆ. ಅಲ್ಲಿನ ಹಳ್ಳಿಗಳ ಜಾತ್ರೆಗಳಲ್ಲಿ ಬಂಡಿಯ ಶರ್ಯತ್ತಿನಂತೆ ಸೈಕಲ್ ಶರ್ಯತ್ತೂ ನಡೆಯುವುದುಂಟು. ಬಯಲು ನಾಡು, ನೀಳವಾದ ರಸ್ತೆ, ತಡೆಯಿಲ್ಲದ ಗಾಳಿ: ಮರೆಯ ಪಾಠ ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ? ಒಳ್ಳೆಯ ಸೈಕಲ್ಲಿಲ್ಲವೆಂದು ಪಂದ್ಯಕ್ಕೆ ಹೆಸರು ಕೊಡಲು ಹಿಂಜರಿಯುವ ವಿದ್ಯಾರ್ಥಿಗಳನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಮೇಲಿನ ಲೆಕ್ಕ ಮುಖ್ಯವಾಗಿ ಅವರಿಗಾಗಿ.

ನೀವೇ ಮಾಡಿ ನೋಡಿ

ವಾಹನಗಳ ಓಡಾಟವಿಲ್ಲದ ಒಂದು ಸಣ್ಣ ಇಳಿಜಾರನ್ನು ಆರಿಸಿಕೊಳ್ಳಿ. ಅದರ ಮುಂದೆ ಸಮತಟ್ಟಾದ ನೆಲವಿರಲಿ. ಗಾಳಿ ಬೀಸದ ಬೆಳಗಿನ ಹೊತ್ತಿನಲ್ಲಿ ಮೇಲಿನ ಒಂದು ಗುರುತಿನಿಂದ ಪೆಡಲು ತುಳಿಯದೆ, ನೆಟ್ಟಗೆ ಕುಳಿತು ಇಳಿಯಿರಿ. ಸೈಕಲ್ಲು ತಾನಾಗಿ ನಿಂತ ಜಾಗಕ್ಕೆ ಕಲ್ಲಿಡಿ. ಅದೇ ಗುರುತಿನಿಂದ ಮತ್ತೆ ಹೊರಟು ಈ ಸಲ ಹ್ಯಾಂಡಲಿನ ಮೇಲೆ ಬಾಗಿ ಇಳಿಯಿರಿ. ಆದರೆ ಕಣ್ಣು ರಸ್ತೆಯ ಮೇಲಿರಲಿ, ಕೈ ಬ್ರೇಕಿನ ಮೇಲಿರಲಿ. ಪ್ರತಿಯೊಂದನ್ನೂ ಐದೈದು ಸಲ ಮಾಡಿ ಸರಾಸರಿ ತೆಗೆಯಿರಿ. ಎರಡು ಕಲ್ಲುಗಳ ನಡುವಿನ ದೂರವೇ ನಿಮ್ಮ ಬೆನ್ನು ಬಾಗಿದ್ದರ ಬೆಲೆ. ಬಳಿಕ ಟೈರಿನ ಗಾಳಿಯನ್ನು ಒಂದಿಷ್ಟು ಇಳಿಸಿ ಪ್ರಯೋಗವನ್ನು ಪುನಃ ಮಾಡಿದರೆ ಉರುಳು ಘರ್ಷಣೆಯ ಆಟವೂ ಕಾಣುತ್ತದೆ.

ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಹಿರಿಯರು ಹೇಳುತ್ತಾರೆ. ತೂರುವವನು ಮೊದಲು ನೋಡುವುದು ಗಾಳಿಯ ದಿಕ್ಕನ್ನು. ಮುಂದಿನ ಆಷಾಢದ ಪಂದ್ಯಕ್ಕೆ ನಾವೂ ಹೆಸರು ಕೊಡುವವರಿದ್ದೇವೆ. ಹೊರಡುವ ಮುನ್ನ ಒಂದು ಹಿಡಿ ಹೊಟ್ಟು ತೂರಿ ನೋಡುತ್ತೇವೆ; ಐರಣಿ ಮುಟ್ಟುವವರೆಗೂ ಎಡ ಅಂಚನ್ನು ಬಿಡುವುದಿಲ್ಲ. ಆ ಹುಡುಗನೂ ಈ ಲೇಖನವನ್ನು ಓದಿಬಿಡುವನಲ್ಲಾ ಎಂಬುದೊಂದೇ ಈಗ ನಮಗಿರುವ ಚಿಂತೆ.